ಬ್ರಿಟನಿ ಎಂಬವಳು

ಗಂಗೊಳ್ಳಿಯಲ್ಲಿ ಬೋಟುಗಳು ನಿಲ್ಲುವ ದಕ್ಕೆಯಲ್ಲಿ ನಿಂತರೆ ಎದುರಿಗೇ ಕುಂದಾಪುರ ಕಾಣುತ್ತದೆ. ಗಟ್ಟಿಯಾಗಿ ಕೂಗಿದರೆ ಆಚೆ ದಡದವರು ತಿರುಗಿ ನೋಡಿಯಾರು. ಆದರೆ ಬಸ್ಸಿನಲ್ಲಿ ಅಲ್ಲಿಗೆ ಹೋಗಬೇಕಾದರೆ ತ್ರಾಸಿಗೆ ಹೋಗಿ, ಹೆಮ್ಮಾಡಿ ದಾಟಿ, ಹೊಳೆಗಳನ್ನೆಲ್ಲ ಮಾತಾಡಿಸಿಕೊಂಡು ಸುತ್ತಿ ಬರಬೇಕು. ಕಣ್ಣಿಗೆ ಕಾಣುವ ಊರಿಗೇ ಇಷ್ಟು ಸುತ್ತು ಹಾಕುವ ಜನರ ನಡುವೆ ಹುಟ್ಟಿ ಬೆಳೆದ ಲೀಲಾಧರ, ಕಣ್ಣಿಗೆ ಕಾಣದ ಫ್ರಾನ್ಸ್ ದೇಶಕ್ಕೆ ಹೋಗುತ್ತೇನೆಂದು ಬಾಯಿ ಬಿಟ್ಟದ್ದೇ ಎಲ್ಲದಕ್ಕೂ ಕಾರಣವಾಯಿತು.

ಲೀಲಾಧರನದು ದಕ್ಕೆಯ ಪಕ್ಕದಲ್ಲಿ ಬಲೆ, ಹಗ್ಗ, ಬೆಂಡು ಮಾರುವ ಅಂಗಡಿ. ಮಳೆಗಾಲದಲ್ಲಿ ಬೋಟುಗಳು ದಡ ಸೇರಿದರೆ ಅಂಗಡಿಗೆ ನೊಣವೂ ಬರುವುದಿಲ್ಲ. ಆದರೂ ಮನೆಯಲ್ಲಿ ಕೂತರೆ ಹೆಂಡತಿ ಜಲಜ ಏನಾದರೊಂದು ಕೆಲಸ ಹೇಳುತ್ತಾಳೆಂಬ ಭಯಕ್ಕೆ ಅವನು ತಪ್ಪದೆ ಬಾಗಿಲು ತೆರೆದು, ಬಲೆಯ ಮೂಟೆಗೆ ಒರಗಿ, ಫೋನು ನೋಡುತ್ತ ಮಲಗುತ್ತಿದ್ದ. ಹಾಗೆ ಮಲಗಿದ್ದ ಒಂದು ಮಧ್ಯಾಹ್ನ, ಹೊಸ ನಮೂನೆಯ ಬಲೆ ಏನಾದರೂ ಬಂದಿದೆಯೇ ನೋಡೋಣವೆಂದು 'ನೀಲಿ ಬಲೆ' ಎಂದು ಹುಡುಕಿದ. ಫೋನು ಒಂದು ವೀಡಿಯೋ ತೋರಿಸಿ ಅವನನ್ನು ಸೀದಾ ಫ್ರಾನ್ಸಿನ ಪಶ್ಚಿಮ ತುದಿಗೆ, ಬ್ರಿಟನಿ ಎಂಬ ಕರಾವಳಿ ಸೀಮೆಗೆ ಕರೆದುಕೊಂಡು ಹೋಯಿತು. ಅಲ್ಲಿ ಕಾಂಕಾರ್ನೋ ಎಂಬ ಮೀನುಗಾರರ ಊರು. ಆ ಊರಿನಲ್ಲಿ ವರ್ಷಕ್ಕೊಮ್ಮೆ ನೀಲಿ ಬಲೆಯ ಹಬ್ಬವಂತೆ. ಹೆಂಗಸರು ತಲೆಗೆ ಬಿಳಿ ಲೇಸಿನ ಟೋಪಿ ಇಟ್ಟುಕೊಂಡು, ವಾದ್ಯದ ಹಿಂದೆ ಕುಣಿಯುತ್ತ ಬೀದಿ ತುಂಬ ಹೋಗುತ್ತಿದ್ದರು.

ಬಲೆಯ ಹೆಸರಿನಲ್ಲೊಂದು ಹಬ್ಬ. ಜೀವಮಾನವಿಡೀ ಬಲೆ ಮಾರಿದ ಲೀಲಾಧರನಿಗೆ ಈವರೆಗೆ ಒಬ್ಬನೂ ಒಂದು ಹೂವು ಕೊಟ್ಟದ್ದಿಲ್ಲ. ಕೊಟ್ಟದ್ದೆಲ್ಲ ಹರಿದ ಬಲೆ ವಾಪಸು. ಅವನು ಎದ್ದು ಕೂತ.

ಸಂಜೆ ಅದನ್ನು ಜಲಜಳಿಗೆ ತೋರಿಸಿದ. ಜಲಜ ತೆಕ್ಕಟ್ಟೆ ಪೇಟೆಯಲ್ಲಿ ಮೀನು ಮಾರುವವಳು. ಸಂಜೆಯ ಹೊತ್ತಿಗೆ ಅವಳಿಗೆ ಮಾತೂ ಬೇಡ, ಚಿತ್ರವೂ ಬೇಡ. ಬಲೆಯ ಹಬ್ಬವನ್ನು ಅವಳು ಅರ್ಧ ಕಣ್ಣಿನಲ್ಲಿ ನೋಡಿದಳು. ವೀಡಿಯೋದವನು ಅಲ್ಲಿಂದ ಸೇಂಟ್ ಮಾಲೋ ಎಂಬ ಪಟ್ಟಣಕ್ಕೆ ಹೋದ. ಊರಿನ ಸುತ್ತ ಕಲ್ಲಿನ ಗೋಡೆ. ಗೋಡೆಯ ಮೇಲೆಯೇ ಊರಿಗೊಂದು ಸುತ್ತು ಬರಬಹುದು. ಉಬ್ಬರದಲ್ಲಿ ಸಮುದ್ರ ಬಂದು ಗೋಡೆಗೆ ಹೊಡೆಯುತ್ತದೆ, ಇಳಿತದಲ್ಲಿ ಕಣ್ಣಿಗೆ ಕಾಣದಷ್ಟು ದೂರ ಹೋಗಿಬಿಡುತ್ತದೆ. ಆಮೇಲೆ ಪಕ್ಕದ ಕಾಂಕಾಲ್ ಎಂಬ ಸಣ್ಣ ಊರು. ಅಲ್ಲಿ ಕಡಲ ದಂಡೆಯಲ್ಲಿ ಹೆಂಗಸರು ಸಾಲಾಗಿ ಕೂತು ಅಂಗೈಯಗಲದ ಚಿಪ್ಪುಮೀನು ಒಡೆದು ಕೊಡುತ್ತಿದ್ದರು. ಜನ ಲಿಂಬೆಹುಳಿ ಹಿಂಡಿಕೊಂಡು ಮೆಟ್ಟಿಲ ಮೇಲೆ ಕೂತು ತಿಂದು, ಚಿಪ್ಪನ್ನು ಹಾಗೆಯೇ ಕೆಳಗಿನ ದಂಡೆಗೆ ಎಸೆಯುತ್ತಿದ್ದರು. ಒಬ್ಬಳು ಮುದುಕಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ತಾನೇ ಒಂದನ್ನು ಒಡೆದು ಬಾಯಿಗೆ ಹಾಕಿಕೊಂಡು ಕಡಲು ನೋಡುತ್ತಿದ್ದಳು.

ಚಿಕ್ಕಂದಿನಲ್ಲಿ ಕೋಡಿಯ ಅಳಿವೆಯಲ್ಲಿ, ಇಳಿತದ ಹೊತ್ತಿಗೆ ಸೊಂಟದವರೆಗೆ ನೀರಿಗಿಳಿದು ಮಳಿ ಎಂಬ ಚಿಪ್ಪುಮೀನನ್ನು ಹೆಕ್ಕಿದವಳು ಜಲಜ. ಅವಳು ಕೈಯಲ್ಲಿದ್ದ ಚಹಾ ಕೆಳಗಿಟ್ಟಳು.

"ಅದನ್ನ್ ಇನ್ನೊಂದ್ ಸಲ ಹಾಕಿ ಕಾಂಬ," ಎಂದಳು.

ಅಂದಿನಿಂದ ಸಂಜೆಯಾದರೆ ಆ ಮನೆಯಲ್ಲಿ ಬ್ರಿಟನಿ. ಕಾರ್ನಾಕ್ ಎಂಬಲ್ಲಿ ಬಯಲು ತುಂಬ ಸಾಲಾಗಿ ನಿಲ್ಲಿಸಿದ ಕಲ್ಲುಗಳಿದ್ದವು. ಯಾರು, ಯಾಕೆ ನಿಲ್ಲಿಸಿದರೆಂದು ಯಾರಿಗೂ ಗೊತ್ತಿಲ್ಲವಂತೆ. ಯಾರೋ ಬೇಲಿ ಹಾಕಲು ಹೊರಟು ಮಧ್ಯದಲ್ಲಿ ಮರೆತದ್ದಿರಬೇಕೆಂದು ಲೀಲಾಧರ ತೀರ್ಮಾನಿಸಿದ. ಸಮುದ್ರದ ನಡುವೆ ಗುಡ್ಡ, ಗುಡ್ಡದ ತುದಿಯಲ್ಲಿ ಇಗರ್ಜಿ ಇರುವ ಜಾಗವೊಂದಿತ್ತು. ಅದು ಬ್ರಿಟನಿಗೆ ಸೇರಿದ್ದೋ ಪಕ್ಕದ ನಾರ್ಮಂಡಿಗೋ ಎಂದು ಅಲ್ಲಿಯವರು ಇನ್ನೂ ಜಗಳವಾಡುತ್ತಾರಂತೆ. ಬೈಂದೂರು ಬೇರೆ ತಾಲೂಕಾದಾಗ ನಡುವಿನ ಊರುಗಳವರು ಪಟ್ಟ ಪಾಡನ್ನು ನೋಡಿದ್ದ ಲೀಲಾಧರನಿಗೆ ಈ ಜಗಳ ಬಹಳ ಆಪ್ತವಾಗಿ ಕಂಡಿತು.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಬಿಜೂರಿನಲ್ಲಿ ಜಲಜಳ ತಂಗಿ ವನಜಳ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ ಬಂತು. ವನಜಳ ಗಂಡ ಅಶೋಕ್ ಹಲವು ವರ್ಷ ದುಬೈಯಲ್ಲಿದ್ದು ಬಂದವನು. ಊಟ ಮುಗಿದ ಮೇಲೆ ನೆಂಟರನ್ನೆಲ್ಲ ದೊಡ್ಡ ಟೀವಿಯ ಮುಂದೆ ಕೂರಿಸಿ, ತಾನು ನೋಡಿದ ಎತ್ತರದ ಕಟ್ಟಡಗಳನ್ನು ಒಂದೊಂದೇ ಅಂತಸ್ತಿನಂತೆ ತೋರಿಸಿದ. ಕೊನೆಗೆ ಲೀಲಾಧರನ ಕಡೆ ತಿರುಗಿ, ಲೀಲಣ್ಣ ನೀವು ಎಲ್ಲೆಲ್ಲಿ ಹೋಗಿದ್ದೀರಿ ಎಂದು ವಿನಯದಿಂದಲೇ ಕೇಳಿದ. ಲೀಲಾಧರ ಮುಂಬೈಗೆ ಎರಡು ಸಲ ಹೋಗಿದ್ದ, ಎರಡೂ ಸಲ ಸತ್ತವರ ಬೊಜ್ಜದ ಊಟಕ್ಕೆ. ಅದನ್ನು ಒಕ್ಕಲಿನ ಮನೆಯಲ್ಲಿ ಹೇಳುವಂತಿರಲಿಲ್ಲ.

"ಹೋಯಿದ್ದ್ ಬಿಡ್," ಎಂದ ಲೀಲಾಧರ. "ಬಪ್ಪ ಮೇ ತಿಂಗ್ಳಲ್ಲಿ ನಾವ್ ಫ್ರಾನ್ಸಿಗೆ ಹೋಪುದ್."

ಚಾವಡಿಯಲ್ಲಿದ್ದವರೆಲ್ಲ ಟೀವಿ ಬಿಟ್ಟು ಅವನ ಕಡೆ ತಿರುಗಿದರು. ಅಶೋಕನ ಕೈಯಲ್ಲಿದ್ದ ರಿಮೋಟು ಅಲ್ಲೇ ನಿಂತಿತು. ವೀಳ್ಯದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಜಲಜಳನ್ನು ಲೀಲಾಧರ ಓರೆಗಣ್ಣಿನಿಂದ ನೋಡಿದ. ನಿಮಗೆ ಮರುಳೇ ಎಂದು ಅವಳು ಈಗ ನಕ್ಕುಬಿಡುತ್ತಾಳೆ, ಎಲ್ಲರೂ ನಗುತ್ತಾರೆ, ತಾನೂ ನಕ್ಕು ಪಾರಾಗುತ್ತೇನೆಂದು ಅವನು ಲೆಕ್ಕ ಹಾಕಿದ್ದ. ಜಲಜ ತಟ್ಟೆಯನ್ನು ಮುಂದೆ ಹಿಡಿದು, "ಮೇ ತಿಂಗ್ಳಲ್ಲಿ ಅಲ್ಲಿ ಚಳಿ ಕಮ್ಮಿ ಅಂಬ್ರ್," ಎಂದಳು.

ಅವರು ಗಂಗೊಳ್ಳಿಗೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಮರುದಿನ ಬೆಳಿಗ್ಗೆ ದಕ್ಕೆಯ ಹತ್ತಿರದ ಹೋಟೆಲಿನ ಗಣಪ, ಕಾವಲಿಯ ಮೇಲೆ ದೋಸೆ ಹೊಯ್ಯುತ್ತಲೇ, ಆ ದೊಡ್ಡ ಟವರು ಕಾಣಲು ಹೋಗುವುದೋ ಎಂದು ಕೇಳಿದ. ಪ್ಯಾರಿಸ್ಸನ್ನು ನೋಡಿ ನೋಡಿ ಬೇಸತ್ತವನ ಹಾಗೆ ಲೀಲಾಧರ ಮುಖ ಸಿಂಡರಿಸಿದ.

"ಟವರ್ ಯಾರಿಗ್ ಬೇಕ್ ಗಣಪ? ನಂಗೆ ಬ್ರಿಟನಿ ಒಂದ್ ಕಂಡ್ರೆ ಸಾಕ್. ದಿನಾ ಸಂಜಿಗೆ ಫೋನಲ್ಲಿ ಅದನ್ನ್ ಕಾಣ್ದಿದ್ರೆ ನಂಗೆ ನಿದ್ರಿ ಬತ್ತಿಲ್ಲೆ."

ಇಲ್ಲಿ ಒಂದು ಮಾತು ಹೇಳಬೇಕು. ಕುಂದಾಪುರದ ಕಡೆ ಸಲಿಗೆಯ ಹೆಂಗಸರನ್ನು 'ಅವಳು' ಎನ್ನುವುದಕ್ಕಿಂತ 'ಅದು' ಎನ್ನುವುದೇ ಹೆಚ್ಚು. ಅದರಲ್ಲಿ ಅಗೌರವವಿಲ್ಲ, ಪ್ರೀತಿಯೇ ಇದೆ. ಆದರೆ ಆ ದಿನ ಆ ಒಂದು 'ಅದು' ಮಾಡಿದ ಅನಾಹುತ ಅಷ್ಟಿಷ್ಟಲ್ಲ. ಗಣಪನ ದೋಸೆ ಸೀದುಹೋಯಿತು. ಅವನು ಸೌಟು ಅಲ್ಲೇ ಇಟ್ಟು, ಪಕ್ಕದ ಟೈಲರ್ ಅಂಗಡಿಯ ವಿನಯಾಳಿಗೆ, ಲೀಲಣ್ಣನಿಗೆ ಫ್ರಾನ್ಸಿನಲ್ಲಿ ಬ್ರಿಟನಿ ಎಂಬ ಒಂದಿದೆ ಎಂದು ಗುಟ್ಟಾಗಿ ಹೇಳಿದ. ವಿನಯಾ ಮಿಷನ್ನು ನಿಲ್ಲಿಸಿದಳು. ಸುದ್ದಿ ಮೀನಿನ ಬುಟ್ಟಿಗಳ ಜೊತೆ ಬಸ್ಸು ಹತ್ತಿತು. ತೆಕ್ಕಟ್ಟೆಗೆ ಇಳಿಯುವಾಗ ಬ್ರಿಟನಿಗೆ ಹಳದಿ ಕೂದಲು ಬಂದಿತ್ತು. ಬ್ರಹ್ಮಾವರದಲ್ಲಿ ಅವಳು ನರ್ಸ್ ಆಗಿದ್ದಳು. ಶಂಕರನಾರಾಯಣ ಮುಟ್ಟುವಷ್ಟರಲ್ಲಿ ಪಾಪ, ಗಂಡನನ್ನು ಬಿಟ್ಟವಳು, ಜೊತೆಗೆ ಸಣ್ಣದೊಂದು ಮಗುವೂ ಇತ್ತು.

ಬ್ರಹ್ಮಾವರಕ್ಕೆ ಮದುವೆಯಾಗಿ ಹೋಗಿದ್ದ ಮಗಳು ಚೇತನಾ ಅಪ್ಪನಿಗೆ ಫೋನು ಮಾಡಿ, ಏನೂ ಹೇಳದೆ ಅತ್ತು, ಇಟ್ಟುಬಿಟ್ಟಳು. ನೆಟ್‌ವರ್ಕ್ ಸರಿಯಿಲ್ಲ ಎಂದುಕೊಂಡ ಲೀಲಾಧರ.

ಜಲಜಳಿಗೆ ವಿಷಯ ತಿಳಿದದ್ದು ತೆಕ್ಕಟ್ಟೆಯಲ್ಲಿ. ಅವಳು ಮೀನು ಮಾರಲು ಕೂತ ದಿನದಿಂದ ಅವಳಿಗೆ ಸಿಕ್ಕಿದ್ದು ಬಿಸಿಲಿನ ಮೂಲೆ. ಈಗ ಇದ್ದಕ್ಕಿದ್ದಂತೆ ಉಳಿದ ಹೆಂಗಸರು ಮರದ ನೆರಳಿನಲ್ಲಿ ಜಾಗ ಮಾಡಿಕೊಟ್ಟರು. ಒಬ್ಬಳು ಚಹಾ ತರಿಸಿದಳು. ಇನ್ನೊಬ್ಬಳು ಅವಳ ಬುಟ್ಟಿಯನ್ನು ತಾನೇ ಬಸ್ಸಿನಿಂದ ಇಳಿಸಿದಳು. ಕಾರಣ ಗೊತ್ತಾದ ಮೇಲೂ ಜಲಜ ಅದು ಹೆಂಗಸಲ್ಲ, ಊರು ಎನ್ನಲಿಲ್ಲ. ನೆರಳು ಚೆನ್ನಾಗಿತ್ತು. ಇನ್ನು ಸ್ವಲ್ಪ ದಿನ ಇರಲಿ ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅದನ್ನು ಅವರು ಕಣ್ಣೀರೆಂದು ತಿಳಿದರು.

ಭಾನುವಾರ ಜಲಜಳ ಅಣ್ಣ ಗೋವರ್ಧನ ಶಂಕರನಾರಾಯಣದಿಂದ ಬಂದಿಳಿದ. ಅಲ್ಲಿ ಅವನದು ಬಟ್ಟೆ ಅಂಗಡಿ. ಊರಿನ ಪಂಚಾಯ್ತಿಕೆಗಳಲ್ಲೆಲ್ಲ ಮುಂದೆ ಕೂರುವವನು. ಬಂದವನೇ ಬಿಳಿ ಅಂಗಿಯ ತೋಳು ಮಡಚಿ ಕೂತು, ಮೊದಲು ಮಳೆಯ ಬಗ್ಗೆ, ಆಮೇಲೆ ಗಂಡಸರ ಪ್ರಾಯದ ಬಗ್ಗೆ ಪೀಠಿಕೆ ಹಾಕಿದ. ಲೀಲಾಧರನಿಗೆ ತಲೆಬುಡ ತಿಳಿಯಲಿಲ್ಲ. ಕೊನೆಗೆ ಗೋವರ್ಧನ ದನಿ ತಗ್ಗಿಸಿದ.

"ಭಾವ, ಈ ಬ್ರಿಟನಿ ವಿಷ್ಯ ಎಷ್ಟ್ ದಿನದಿಂದ?"

"ಮಳಿಗಾಲ ಹಿಡ್ದದ್ದ್ ಲಾಗಾಯ್ತು," ಎಂದ ಲೀಲಾಧರ. ಬ್ರಿಟನಿಯ ಬಗ್ಗೆ ಒಬ್ಬರು ತಾವಾಗಿ ಕೇಳಿದರಲ್ಲ ಎಂದು ಅವನ ಮುಖ ಅರಳಿತು. ಆ ಅರಳಿದ ಮುಖವನ್ನು ನೋಡಿ ಗೋವರ್ಧನನಿಗೆ ಎದೆ ಒಡೆಯಿತು.

"ಪ್ರಾಯ ಎಷ್ಟ್?"

"ಹಳೇದ್ ಭಾವ, ರಾಶಿ ಹಳೇದ್. ಆದ್ರೂ ಎಷ್ಟ್ ಲಾಯ್ಕ್ ಇಟ್ಕಂಡಿದ್ರ್ ಕಾಣಿ."

"ಜಲಜಂಗೆ ಗೊತ್ತಿತ್ತಾ?"

"ಎಂತ ಹೇಳ್ತ್ರಿ? ಅದೂ ನನ್ನೊಟ್ಟಿಗೇ ಕೂಕಂಡ್ ಕಾಂತ್. ಈಗೀಗ ನಂಗಿಂತ ಅದಕ್ಕೇ ಮೋಹ ಜಾಸ್ತಿ."

ಗೋವರ್ಧನ ಕಣ್ಣು ಮುಚ್ಚಿಕೊಂಡ. ಎಂಥೆಂಥ ಪಂಚಾಯ್ತಿಕೆ ಮಾಡಿದ್ದರೂ ಇಂಥ ಮನೆಯನ್ನು ಅವನು ಕಂಡಿರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಕಾಫಿ ತಂದ ಜಲಜ, ಲೋಟವನ್ನು ಅಣ್ಣನ ಕೈಗೆ ಸರಿಯಾಗಿ ಹಿಡಿಸಿದ ಮೇಲೆ, "ಅಣ್ಣಯ್ಯ, ಅದ್ ಹೆಂಗ್ಸಲ್ಲ. ಊರ್," ಎಂದಳು. ಫೋನು ತಂದು ತೋರಿಸಿದಳು. ಗೋವರ್ಧನ ಗೋಡೆಯ ಊರನ್ನೂ ಕಲ್ಲಿನ ಬಯಲನ್ನೂ ಬಹಳ ಹೊತ್ತು ನೋಡಿದ, ಹಳದಿ ಕೂದಲಿನವಳು ಎಲ್ಲಾದರೂ ಇದ್ದಾಳೋ ಎಂದು ಹಿನ್ನೆಲೆಯಲ್ಲೂ ನೋಡಿದ. ಏನು ನಡೆದಿತ್ತೆಂದು ಲೀಲಾಧರನಿಗೆ ತಿಳಿದದ್ದು ಆಗಲೇ. ಅವನು ಎದ್ದು ಹೋಗಿ ಬಾವಿಕಟ್ಟೆಯ ಹತ್ತಿರ ನಿಂತ. ಒಂದು ಕಡೆ ನಾಚಿಕೆ. ಇನ್ನೊಂದು ಕಡೆ, ಊರು ತನ್ನನ್ನು ಇಷ್ಟು ದೊಡ್ಡ ಕೆಲಸಕ್ಕೆ ಲಾಯಕ್ಕಿನವನೆಂದು ನಂಬಿತಲ್ಲ ಎಂಬ ಸಣ್ಣ ಸಂತೋಷ.

ಸುಮ್ಮನೆ ಅನುಮಾನಪಟ್ಟ ಅವಮಾನವನ್ನು ಮುಚ್ಚಿಕೊಳ್ಳಲು ಗೋವರ್ಧನನಿಗೆ ಒಂದೇ ದಾರಿಯಿತ್ತು. ಈ ಪ್ರಯಾಣ ಆಗಲೇಬೇಕು, ತಾನು ನಿಂತು ಮಾಡಿಸುತ್ತೇನೆ, ಹೊರಡುವ ಮೊದಲು ಕುಟುಂಬದವರನ್ನೆಲ್ಲ ಸೇರಿಸಿ ಊಟ ಹಾಕುತ್ತೇನೆ ಎಂದು ಘೋಷಿಸಿಯೇ ಅವನು ಬಸ್ಸು ಹತ್ತಿದ. ಹೀಗೆ ಬಿಜೂರಿನಲ್ಲಿ ಬಾಯಿತಪ್ಪಿ ಬಂದ ಮಾತು ಶಂಕರನಾರಾಯಣದ ಮೊಹರು ಬಿದ್ದು ಗಟ್ಟಿಯಾಯಿತು.

ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದಾಯಿತು. ವಿಚಾರಣೆಗೆ ಬಂದ ಪೊಲೀಸಿನವರು, ಈ ಲೀಲಾಧರ ಎಂಬವರ ನಡತೆ ಹೇಗೆ ಎಂದು ಗಣಪನನ್ನು ಕೇಳಿದರು. ಗಣಪ ಸೌಟು ಹಿಡಿದು ತುಂಬ ಯೋಚಿಸಿ, ಈಗ ಅಡ್ಡಿಲ್ಲ ಎಂದ. ಆ 'ಈಗ' ಎಂಬುದನ್ನು ವಿವರಿಸಲು ಲೀಲಾಧರ ಅರ್ಧ ದಿನ ಠಾಣೆಯಲ್ಲಿ ಕೂರಬೇಕಾಯಿತು.

ಪಾಸ್‌ಪೋರ್ಟು ಕೈಗೆ ಬಂದ ದಿನ ಅವನಿಗೆ ನಿಜವಾದ ಭಯ ಹಿಡಿಯಿತು. ಅವನ ಆಸೆ ಫೋನಿನಷ್ಟು ಅಗಲದ್ದು. ಬಲೆಯ ಮೂಟೆಗೆ ಒರಗಿ ನೋಡಲು ಹೇಳಿ ಮಾಡಿಸಿದ್ದು. ಅಲ್ಲಿ ಊಟ ಹೇಗೋ ಎಂದು ಅವನು ಜಲಜಳ ಮುಂದೆ ಅನುಮಾನ ತೆಗೆದ. ಮೀನು ಸಿಗುವ ಊರಿನಲ್ಲಿ ಊಟಕ್ಕೆ ಏನು ಬರ ಎಂದಳು ಅವಳು. ಅಷ್ಟು ನಡೆಯಲು ನಿನ್ನ ಮೊಣಕಾಲ ಗಂಟು ಬಿಡುತ್ತದೋ ಎಂದ. ಮರುದಿನ ಅವಳು ಕ್ಯಾನ್ವಾಸ್ ಶೂ ತಂದಳು. ಸೀರೆಯ ಕೆಳಗೆ ಬಿಳಿ ಶೂ ಹಾಕಿಕೊಂಡು, ಸೇಂಟ್ ಮಾಲೋದ ಗೋಡೆ ಸುತ್ತಲು ಅಭ್ಯಾಸವಿರಲೆಂದು, ದಿನಾ ಸಂಜೆ ಕಡಲ ದಂಡೆಯ ಕಲ್ಲುಕಟ್ಟೆಯ ಮೇಲೆ ನಡೆಯತೊಡಗಿದಳು. ಬಲೆ ಹೆಣೆಯುತ್ತಿದ್ದವರು ಮೊದಮೊದಲು ನಕ್ಕರು, ಆಮೇಲೆ ದಾರಿ ಬಿಟ್ಟುಕೊಟ್ಟರು. ವೀಡಿಯೋದಲ್ಲಿ ಕಲಿತ ಫ್ರೆಂಚಿನಲ್ಲಿ, ಮನೆಯ ಬೆಕ್ಕಿಗೆ ಬೆಳಿಗ್ಗೆ ನಮಸ್ಕಾರಕ್ಕೆ ಬೋಂಜೂರ್ ಎಂದೂ, ಮೀನಿನ ತಲೆ ಹಾಕುವಾಗ ಧನ್ಯವಾದಕ್ಕೆ ಮೆರ್ಸಿ ಎಂದೂ ಹೇಳುತ್ತಿದ್ದಳು. ಬೆಕ್ಕಿಗೂ ಅದು ರೂಢಿಯಾಯಿತು. ಗೇರುಮರದಡಿಯಲ್ಲಿ ಕೂತು ಮೀನು ಕೊಯ್ಯುವಾಗ ಕೆಲವೊಮ್ಮೆ ಅವಳ ಕತ್ತಿ ಸುಮ್ಮನೆ ನಿಂತುಬಿಡುತ್ತಿತ್ತು. ಎಂತ ಯೋಚನೆ ಎಂದು ಲೀಲಾಧರ ಕೇಳಿದರೆ, ಅಲ್ಲಿ ಈಗ ನೀರು ಇಳಿದಿರಬಹುದಾ ಎನ್ನುತ್ತಿದ್ದಳು.

ಕುಂದಾಪುರದಲ್ಲಿ ಟಿಕೇಟು, ವೀಸಾ ಮಾಡಿಸಿಕೊಡುವ ರತೀಶ್ ಎಂಬವನಿದ್ದ. ಏನು ನೋಡಲು ಹೋಗುವುದೆಂಬಲ್ಲಿ ಪ್ಯಾರಿಸ್ ಎಂದು ಬರೆಯುತ್ತೇನೆ, ಎಲ್ಲರೂ ಹಾಗೇ ಬರೆಯುವುದು, ಅದಕ್ಕಾದರೆ ಸಲೀಸು ಎಂದ. ಲೀಲಾಧರ ಒಪ್ಪಿಬಿಡುತ್ತಿದ್ದ. ನಾವು ಹೋಗದ ಊರಿನ ಹೆಸರು ಹೇಳಿ ಹೋಗುವುದು ಬೇಡ ಎಂದು ಜಲಜ ಹಟ ಹಿಡಿದಳು. ಕಾಂಕಾಲ್, ಸೇಂಟ್ ಮಾಲೋ, ಕಾರ್ನಾಕ್, ಕಾಂಕಾರ್ನೋ ಎಂದು ಅವಳು ಒಂದೊಂದಾಗಿ ಹೇಳಿದಳು, ರತೀಶ್ ತಲೆ ಕೆರೆದುಕೊಳ್ಳುತ್ತ ಕುಟ್ಟಿದ.

ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋದರು. ಲೀಲಾಧರನ ಬೆರಳನ್ನು ಯಂತ್ರ ಒಂದೇ ಸಲಕ್ಕೆ ಒಪ್ಪಿಕೊಂಡಿತು. ಜಲಜಳ ಬೆರಳು ಒಪ್ಪಲಿಲ್ಲ. ಕತ್ತಿ, ಮೀನಿನ ಮುಳ್ಳು, ಹುರುಪೆ, ಉಪ್ಪುನೀರು ಎಲ್ಲ ಸೇರಿ ಅಲ್ಲಿದ್ದ ಗೆರೆಗಳನ್ನೆಲ್ಲ ಎಂದೋ ಅಳಿಸಿದ್ದವು. ಅಲ್ಲಿದ್ದ ಹುಡುಗಿ ಒರೆಸಿ ನೋಡಿದಳು, ಎಣ್ಣೆ ಹಚ್ಚಿ ನೋಡಿದಳು, ಒತ್ತಿ ಹಿಡಿದು ನೋಡಿದಳು. ಹಿಂದಿನ ಸಾಲಿನವರು ಗೊಣಗಿದರು. ಇನ್ನು ಆಗುವುದಿಲ್ಲ, ಹೋಗುವ ಎಂದು ಲೀಲಾಧರ ಒಳಗೊಳಗೇ ಹಗುರಾಗಿ ಎದ್ದು ನಿಂತ. ಜಲಜ ಏಳಲಿಲ್ಲ. ಕೈಯನ್ನು ಸೆರಗಿನಲ್ಲಿ ಬಿಸಿಯಾಗುವಷ್ಟು ಉಜ್ಜಿ ಮತ್ತೆ ಗಾಜಿನ ಮೇಲೆ ಇಟ್ಟಳು, ಮತ್ತೆ ಉಜ್ಜಿದಳು, ಮತ್ತೆ ಇಟ್ಟಳು. ಯಂತ್ರವೇ ಕೊನೆಗೆ ಸೋತು ಹಸಿರು ದೀಪ ತೋರಿಸಿತು.

ಗೋವರ್ಧನ ಕೊಟ್ಟ ಮಾತಿನಂತೆ ಬೀಳ್ಕೊಡುಗೆಯ ಊಟ ಇಟ್ಟುಕೊಂಡ. ವೀಸಾ ಇನ್ನೂ ಬಂದಿಲ್ಲ ಎಂದರೆ, ಬಾರದೆ ಎಲ್ಲಿಗೆ ಹೋಗುತ್ತದೆ ಎಂದ. ಗಂಗೊಳ್ಳಿಯ ಅಂಗಳದಲ್ಲಿ ಚಪ್ಪರ ಎದ್ದಿತು. ವನಜ ಸ್ವೆಟರು ತಂದಳು. ಅಶೋಕ್ ತನ್ನ ದುಬೈಯ ದೊಡ್ಡ ಸೂಟ್‌ಕೇಸು ತಂದು, ಅದರ ಬೀಗ ಹಾಕುವ ಕ್ರಮವನ್ನು ಎಲ್ಲರಿಗೂ ಕಲಿಸಿದ. ಚೇತನಾ ಅಪ್ಪನ ಹತ್ತಿರ ಬಂದು, ಬ್ರಿಟನಿಯನ್ನು ಕೇಳಿದೆನೆಂದು ಹೇಳಿ ಎಂದು ನಕ್ಕಳು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ರತೀಶನ ಸ್ಕೂಟರು ಗೇಟಿಗೆ ಬಂತು, ಕೈಯಲ್ಲಿ ಲಕೋಟೆ. ವೀಸಾ ಬಂತು ಎಂದು ಯಾರೋ ಕೂಗಿದರು. ಗಣಪ ಓಡಿ ಹೋಗಿ, ಲೀಲಾಧರನಿಗೆಂದು ತಂದಿದ್ದ ಹಾರವನ್ನು ರತೀಶನ ಕೊರಳಿಗೆ ಹಾಕಿದ. ಗೋವರ್ಧನ ಅವನ ಕೈ ಹಿಡಿದು ಕುಲುಕಿದ. ಹೆಲ್ಮೆಟಿನ ಮೇಲೆ ಹಾರ ಹಾಕಿಸಿಕೊಂಡ ರತೀಶ್ ಬಾಯಿ ಬಿಡಲು ನೋಡಿದ. ಬಿಡಲು ಯಾರೂ ಬಿಡಲಿಲ್ಲ. ಕೊನೆಗೆ ಅವನು ಲಕೋಟೆಯನ್ನು ಅಶೋಕನ ಕೈಗೆ ಕೊಟ್ಟು ಹಿಂದೆ ಸರಿದ.

ಅಶೋಕ್ ಓದಿದ. ಅವನ ಮುಖ ಸಣ್ಣದಾಯಿತು. ವೀಸಾ ಇಲ್ಲವೆಂದು ಬರೆದಿದ್ದರು. ಯಾಕಂತೆ ಎಂದು ಗೋವರ್ಧನ ಗುಡುಗಿದ.

"ಇವ್ರಿಬ್ರೂ ಅಲ್ಲಿಗೆ ಹೋದ್ರೆ ತಿರ್ಗಿ ಬತ್ರ್ ಅಂದೇಳಿ ಅವ್ರಿಗೆ ನಂಬ್ಕಿ ಇಲ್ಲೆ ಅಂಬ್ರ್," ಎಂದ ಅಶೋಕ್.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಚಪ್ಪರವೇ ನಗತೊಡಗಿತು. ಈ ಲೀಲಾಧರ, ಬೈಂದೂರಿಗೆ ಹೋದರೆ ಸಂಜೆಯ ಗಂಜಿಗೆ ಮನೆಗೆ ಓಡಿ ಬರುವವನು, ಫ್ರಾನ್ಸಿನಲ್ಲಿ ಉಳಿದುಬಿಡುತ್ತಾನಂತೆ. ಮನೆ ಇದೆ, ಅಂಗಡಿ ಇದೆ, ಮಗಳಿದ್ದಾಳೆ, ಬೆಕ್ಕಿದೆ, ಬಿಟ್ಟು ಎಲ್ಲಿ ಹೋಗುತ್ತಾರೆ ಎಂದು ಗಣಪ ಕೇಳಿದ. ಗೋವರ್ಧನನಿಗೆ ಮಾತ್ರ ನಗು ಬರಲಿಲ್ಲ. ತನ್ನ ತಂಗಿ ಹಿಂದೆ ಬರುವುದಿಲ್ಲ ಎನ್ನಲು ಅವರು ಯಾರು, ತಾನು ಜಾಮೀನು ನಿಲ್ಲುತ್ತೇನೆ, ಶಂಕರನಾರಾಯಣದಲ್ಲಿ ಯಾರನ್ನು ಬೇಕಾದರೂ ಕೇಳಲಿ ಎಂದು ತೋಳು ಮಡಚಿದ. ಲೀಲಾಧರ, ಹೋಗಲಿ ಬಿಡಿ, ಅಲ್ಲಿ ಗಾಳಿ ಬಹಳವಂತೆ ಎಂದು ದೊಡ್ಡದಾಗಿ ನಗುತ್ತ ತಿರುಗಿದವನು ಜಲಜಳನ್ನು ಕಂಡ.

ಅವಳು ಎಲೆಯ ಕಟ್ಟು ಹಿಡಿದು ಕಂಬಕ್ಕೆ ಒರಗಿ ನಿಂತಿದ್ದಳು. ಕಾಲಲ್ಲಿ ಬಿಳಿ ಶೂ ಇತ್ತು.

"ಅವ್ರ್ ಬರ್ದದ್ದ್ ಸುಳ್ಳಲ್ಲ ಅಣ್ಣಯ್ಯ," ಎಂದಳು. "ಅಲ್ಲಿ ಆ ಹೆಂಗ್ಸ್ರೊಟ್ಟಿಗೆ ಕಡ್ಲ್ ಕಂಡ್ಕಂತ ಕೂಕಂಡ್ರೆ, ತಿರ್ಗಿ ಬತ್ತಿದ್ನೋ ಇಲ್ಯೋ, ನಂಗೇ ಗೊತ್ತಿಲ್ಲೆ."

ಗೋವರ್ಧನ ಮಡಚಿದ ತೋಳನ್ನು ನಿಧಾನವಾಗಿ ಬಿಡಿಸಿಕೊಂಡ. ಸೂಟ್‌ಕೇಸಿನ ಬೀಗವನ್ನು ತೆಗೆದು ಹಾಕುತ್ತಿದ್ದ ಅಶೋಕನ ಕೈ ನಿಂತಿತು. ಲೀಲಾಧರ ಹೆಂಡತಿಯನ್ನು ಹೊಸ ಊರನ್ನು ನೋಡುವವನಂತೆ ನೋಡಿದ. ಬಿಜೂರಿನ ಚಾವಡಿಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿದವನು ತಾನು, ಹೊರಟವಳು ಅವಳು. ಈ ಸತ್ಯ ವೀಸಾ ಕಚೇರಿಯಲ್ಲಿ ಕೂತ ಯಾರೋ ಅಪರಿಚಿತನಿಗೆ ತನಗಿಂತ ಮೊದಲೇ ತಿಳಿದಿತ್ತಲ್ಲ ಎಂದು ಅವನಿಗೆ ಕೆಡುಕೆನಿಸಿತು.

ಊಟ ಚೆನ್ನಾಗಿಯೇ ಆಯಿತು. ಮಾಡಿದ್ದನ್ನು ಬಿಡುವಂತಿರಲಿಲ್ಲ. ಎಲ್ಲರೂ ಹೋದ ಮೇಲೆ ಜಲಜ ಶೂ ಬಿಚ್ಚಿ, ಮರಳು ಕೊಡವಿ, ಪೆಟ್ಟಿಗೆಯೊಳಗೆ ಇಡಲು ಹೊರಟಳು. ಲೀಲಾಧರ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಬಾಗಿಲ ಬದಿಯಲ್ಲೇ ಇಟ್ಟ. ಇನ್ನೊಂದು ಸಲ ಅರ್ಜಿ ಹಾಕಬಹುದೆಂದು ರತೀಶ್ ಹೇಳಿ ಹೋಗಿದ್ದಾನೆ, ಹಾಕುವ ಎಂದ. ಅವಳು ಅವನ ಮುಖವನ್ನೇ ನೋಡಿ, "ಈ ಸಲ ನಿಮ್ಗೂ ಹೋಯ್ಕ್ ಅಂದೇಳಿ ಆಸಿ ಇತ್ತಾ?" ಎಂದು ಕೇಳಿದಳು.

"ಹೋಯ್ಕ್," ಎಂದ ಲೀಲಾಧರ.

ಮರುದಿನ ಬೆಳಿಗ್ಗೆ ಅವನು ತ್ರಾಸಿ, ಹೆಮ್ಮಾಡಿ ಸುತ್ತಿಕೊಂಡು ಕುಂದಾಪುರಕ್ಕೆ, ರತೀಶನಲ್ಲಿಗೆ ಹೋದ. ಹೋಗುವಾಗ ಗಣಪ ಹೋಟೆಲಿನೊಳಗಿಂದ, ಎಲ್ಲಿಗೆ ಸವಾರಿ ಎಂದು ಕೇಳಿದ. ಹಗ್ಗ ತರಲು ಎಂದು ಹೇಳಿ ಲೀಲಾಧರ ಬಸ್ಸು ಹತ್ತಿದ.